ಪಾಂಡಪ್ಪನ ಬೋರ್ಡು ರಸ್ತೆ ದಾಟಿದ್ದು

ಇದು ಖರೆ ಕತೆ. ನಂಬದವರಿಗೆ ಸಾಕ್ಷಿಯೂ ಇತ್ತು: ಹುಸೇನಸಾಬನ ಟಾಂಗಾದ ಕುದುರೆ. ಅದು ತೀರಿಕೊಂಡು ಬಹಳ ದಿನವಾಯಿತು. ಆದರೆ ಬದುಕಿದ್ದಷ್ಟು ಕಾಲ ಅದು ಒಂದು ಸುಳ್ಳನ್ನೂ ಆಡಿದ್ದನ್ನು ಯಾರೂ ಕೇಳಿಲ್ಲ.

ಬಾಗಲಕೋಟೆಗೆ ರೈಲು ಬಂದು, ರೈಲಿನ ಹಿಂದೆ ಚಹಾ ಬಂದು, ಚಹಾದ ಹಿಂದೆ ಸುಧಾರಣೆ ಬಂದ ಕಾಲ. ಸ್ಟೇಶನ್ನಿನ ಎದುರಿಗೆ ಪಾಂಡಪ್ಪನ ಖಾನಾವಳಿ. ಮುಂದೆ ಉಣ್ಣುವವರಿಗೆ ಪಡಸಾಲೆ, ಹಿಂದೆ ಇಳಿದುಕೊಳ್ಳುವವರಿಗೆ ಮೂರು ಕೋಣೆ. ರೊಟ್ಟಿ ಬಿಸಿ, ಹಾಸಿಗೆ ತಣ್ಣಗೆ, ಮಾಲಕ ಮಾತ್ರ ಉಗುರುಬೆಚ್ಚಗೆ. ಯಾರು ಏನು ಹೇಳಿದರೂ ‘ಹೌದ್ರಿ’ ಎನ್ನುವ ಜೀವ.

ಅವನಿಗೆ ಹೇಳುವ ಕೆಲಸವನ್ನು ಗುಂಡೋಪಂತರು ವಹಿಸಿಕೊಂಡಿದ್ದರು. ಶಿರಸ್ತೇದಾರಿಕೆಯಿಂದ ನಿವೃತ್ತರಾದ ಮೇಲೆ ತಿದ್ದಲು ಕಾಗದಗಳಿಲ್ಲದೆ ಊರನ್ನೇ ತಿದ್ದಲು ಹೊರಟವರು. ಖಾನಾವಳಿಯಲ್ಲಿ ಅವರು ನೀರೂ ಮುಟ್ಟುವವರಲ್ಲ. ಹೊರಗಿನ ಕಟ್ಟೆಗೆ ಸ್ವಂತ ಚಾಪೆ ಹಾಸಿ, ಸ್ವಂತ ನಶ್ಯ ಏರಿಸಿ, ಒಳಗೆ ಯಾರು ಮಲಗಬೇಕು, ಯಾರು ಮಲಗಬಾರದು ಎಂದು ಮೂಗಿನಿಂದಲೇ ಅಪ್ಪಣೆ ಕೊಡುತ್ತಿದ್ದರು.

“ಪಾಂಡಪ್ಪಾ, ನಾಳೆ ನಿನ್ನ ಮಗಳ ಮದುವಿ ಅದ, ಹ್ಞಾಂ? ಇಳಕಲ್ಲಿನ ಬೀಗರು ಸಂಜಿಗೆ ಬಂದು ಇಲ್ಲೇ ಇಳೀತಾರ, ಹ್ಞಾಂ? ಬಾಜೂ ಕೋಣ್ಯಾಗ ಒಬ್ಬಾಕಿ ಕುಣಿಯೂ ಪಾತರದಾಕಿ ಮಲಗಿದ್ದು ಕಂಡ್ರ ಏನು ಮಾಡ್ತಾರ?”

“ಏನು ಮಾಡ್ತಾರ್ರಿ?”

“ಚಕ್ಕಡಿ ತಿರುವತಾರ, ಹ್ಞಾಂ!”

 ಪಾಂಡಪ್ಪ ಬಹಳ ಕಷ್ಟಪಟ್ಟು ಕೂಡಿಸಿದ ಸಂಬಂಧ. ಮಗಳು ಇಂದ್ರವ್ವ ಮೈಗೆ ಅರಿಷಿಣ ಹಚ್ಚಿಕೊಂಡು ಕೂತಿದ್ದಾಳೆ. ಮಧ್ಯಾಹ್ನಕ್ಕೆ ಕಾಯದೆ, ತಗಡಿನ ಮೇಲೆ ಸುಣ್ಣದಲ್ಲಿ ಬರೆದ ಬೋರ್ಡು ಬಾಗಿಲಿಗೆ ಏರಿತು. ಬರೆದವರು ಪಂತರೇ: ‘ಪಾತರದವರಿಗೂ ಅವರಂಥವರಿಗೂ ಇಲ್ಲಿ ಇಳಿಯಲು ಅಪ್ಪಣೆ ಇಲ್ಲ.’

ಆ ಓಣಿಯಲ್ಲಿ ಅದನ್ನು ಓದಬಲ್ಲವರು ಬರೆದವರೊಬ್ಬರೇ. ಮಾಲಕನಿಗೂ ಅಕ್ಷರ ಬರುತ್ತಿರಲಿಲ್ಲ. ಆದ್ದರಿಂದ ಪಂತರು ಓದಿ ಹೇಳಿದರು, ಪಾಂಡಪ್ಪ ಬಾಯಿಪಾಠ ಮಾಡಿದ.

“ಪಾತರದವ್ರು ಗೊತ್ತಾದ್ರಿ. ಅವರಂಥವ್ರು ಅಂದ್ರ ಯಾರ್ರಿ? ಗುರುತು ಹ್ಯಾಂಗ್ರಿ?”

“ಮೂರು ಗುರುತು ಅವ. ತುಟಿ ಕೆಂಪ, ತಲ್ಯಾಗ ಹೂವು, ಮಂದ್ಯಾಗ ಜೋರು ನಗಿ. ಮೂರೂ ಕೂಡಿದ್ರ ಬಾಗಲಾ ಹಾಕು, ಹ್ಞಾಂ!”

ಮೊದಲು ಬಂದವಳು ಬಾದಾಮಿಯ ಸಕ್ರವ್ವ. ಬೆಳಗಿನ ಗಾಡಿಗೆ ಇಳಿದು, ಗಂಟು ಹಿಡಿದುಕೊಂಡು ಎಂದಿನಂತೆ ಮೂಲೆಯ ಕೋಣೆಗೆ ನಡೆದಳು. ಚಿಕ್ಕಂದಿನಲ್ಲಿ ದೇವರಿಗೆ ಬಿಟ್ಟವಳು. ಹಾಡಿ, ಕುಣಿದು, ದೊಡ್ಡವರ ಮನೆಗಳ ಹಿತ್ತಿಲ ಬಾಗಿಲಿನಿಂದ ಹೋಗಿ ಬಂದು ಬದುಕಿದವಳು. ಅವಳ ತುಟಿ ಒಣಗಿತ್ತು, ತಲೆಯಲ್ಲಿ ಹೂವಿರಲಿಲ್ಲ, ನಗುವ ಹುರುಪೂ ಇರಲಿಲ್ಲ. ಮೂರು ಗುರುತಿನಲ್ಲಿ ಒಂದೂ ಕೂಡದಿದ್ದರೂ ಪಾಂಡಪ್ಪ ಅಡ್ಡ ನಿಂತ. ಬೋರ್ಡಿನತ್ತ ಕೈ ತೋರಿಸಿ ನೆಲ ನೋಡಿದ.

ಸಕ್ರವ್ವ ಕತ್ತೆತ್ತಿ, ಅದನ್ನು ಗಟ್ಟಿಯಾಗಿ, ರಾಗವಾಗಿ ಓದಿಬಿಟ್ಟಳು! ಕಟ್ಟೆಯ ಮೇಲೆ ಪಂತರ ನಶ್ಯ ತಪ್ಪಿ ಕಣ್ಣಿಗೆ ಬಿತ್ತು.

“ಪಾಂಡಪ್ಪಣ್ಣಾ, ನಿನ್ನ ತೊಟ್ಟಲಕ್ಕ ಹಾಕಿದಾಗ ಪದಾ ಹಾಡಿದಾಕಿ ನಮ್ಮವ್ವ. ಅವತ್ತ ಈ ತಗಡಾ ಇರಲಿಲ್ಲೇನು?”

“ನನ್ನ ಕೈಯಾಗ ಏನೈತಿ ಯವ್ವಾ. ಮಗಳ ಮದುವಿ...”

“ಯಾಕ ಬಂದೀ ಅಂತರ ಕೇಳ್ತೀಯೋ ಇಲ್ಲೋ?”

ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಗಂಟು ಎತ್ತಿಕೊಂಡು ರಸ್ತೆ ದಾಟಿದಳು. ಎದುರಿಗೆ ಹುಸೇನಸಾಬನ ಟಾಂಗಾ ನಿಲ್ಲಿಸುವ ಛಪ್ಪರ. “ಬಾರವಾ ತಂಗೀ, ಕುದರಿ ಏನೂ ಅನ್ನೂದಿಲ್ಲ. ಅದಕ್ಕ ಇನ್ನೂ ಓದಾಕ ಬರಾಂಗಿಲ್ಲ,” ಎಂದು ಹುಸೇನಸಾಬ ಹುಲ್ಲು ಸರಿಸಿ ಕಂಬಳಿ ಹಾಸಿದ.

ಅರ್ಧ ತಾಸಿನಲ್ಲಿ ಛಪ್ಪರದಿಂದ ಒಂದು ಪದ ಎದ್ದಿತು. ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದವರು ತಟ್ಟೆಯ ಸಮೇತ ರಸ್ತೆ ದಾಟಿದರು. ಪಾಂಡಪ್ಪ ಪಲ್ಯದ ಸೌಟು ಹಿಡಿದು, ಗಂಟೆ ಕಳೆದುಕೊಂಡ ಗುಡಿಯ ಪೂಜಾರಿಯಂತೆ ನಿಂತ.

ಮಧ್ಯಾಹ್ನ ಒಂದು ಸವಾರಿ ಬಂಡಿ ಬಾಗಿಲಿಗೆ ನಿಂತಿತು. ಒಬ್ಬ ದೊಡ್ಡ ಹೆಂಗಸು ಇಳಿದಳು. ಇಳಿದದ್ದಲ್ಲ, ಇಳಿದು ಓಣಿಯನ್ನು ತುಂಬಿದಳು. ತುಟಿ ಎಲೆಯಡಿಕೆಯಿಂದ ಕೆಂಡದಂತೆ. ತುರುಬಿನಲ್ಲಿ ಒಂದು ತೋಟದ ಮಲ್ಲಿಗೆ. ಉಟ್ಟದ್ದು ಇಳಕಲ್ಲ ಸೀರೆ, ಆದರೆ ಆ ಊರಲ್ಲಿ ಇಳಕಲ್ಲ ಸೀರೆ ಉಡದವರು ಯಾರು? ಅದರಿಂದ ಏನೂ ತಿಳಿಯುವಂತಿರಲಿಲ್ಲ. ಪಾಂಡಪ್ಪ ಮನಸ್ಸಿನಲ್ಲೇ ಎಣಿಸಿದ: ಒಂದು, ಎರಡು.

“ಖಾನಾವಳಿ ಪಾಂಡಪ್ಪ ನೀವs ಏನ್ರಿ? ಯಪ್ಪಾ, ಸೌಟು ಹಿಡಕೊಂಡು ನಿಂತದ್ದು ನೋಡ್ರೆವಾ, ಫೌಜದಾರ ಕೋಲು ಹಿಡದಾಂಗ!” ಎಂದು ಅವಳು ನಕ್ಕಳು. ಮಾಡಿನ ಪಾರಿವಾಳಗಳು ಹಾರಿಹೋದವು.

ಮೂರು!

“ನಿಮ್ಮ ಧಂಧೆ ಏನ್ರಿ?” ಎಂದ ಪಾಂಡಪ್ಪ.

“ಧಂಧೆ? ಹೆಂಗಸರ ಧಂಧೆ ಏನಿರತೈತಿ? ಗಂಡಸರ್ನ ಸಂಭಾಳಸೂದು!” ಮತ್ತೆ ನಗೆ. “ನಾ ಒಬ್ಬಾಕಿನ ಮುಂದ ಬಂದೀನ್ರಿ. ಸಂಜಿಗೆ ನಮ್ಮವು ಮೂವತ್ತು ಮಂದಿ ಗಂಡಸರು ಬರ್ತಾವ. ಮೂರೂ ಕೋಣ್ಯಾಗ ಹಾಸಗಿ ಹಾಸಿಡ್ರಿ.”

ಪಾಂಡಪ್ಪನ ಕೈಯಿಂದ ಸೌಟು ಬಿತ್ತು. “ಮೂವತ್ತು? ಒಂದ ಸಂಜಿಗೆ?”

“ಎಲ್ಲಾ ದಣದು ಬಂದಿರತಾವ್ರಿ. ಬಿಸಿನೀರೂ ಕಾಸ್ರಿ.”

“ಇದು ಮರ್ಯಾದಿಸ್ತರ ಖಾನಾವಳಿ!” ಎಂದು ಕೂಗಿ, ಬಾಯಿಪಾಠದ ಬೋರ್ಡನ್ನೂ ಪಂತರ ಮೂರು ಗುರುತನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ, ಪಾಂಡಪ್ಪ ಬಾಗಿಲು ಬಡಿದುಕೊಂಡ. ಜೀವಮಾನದಲ್ಲಿ ಮೊದಲ ಸಲ ಒಬ್ಬರಿಗೆ ‘ಇಲ್ಲ’ ಎಂದಿದ್ದ. ಕಟ್ಟೆಯಿಂದ ಪಂತರು “ಶಾಬಾಸ್, ಹ್ಞಾಂ!” ಎಂದರು.

ಹೊರಗೆ ನಗೆ ನಿಂತಿತು. ಬಂಡಿ ತಿರುಗಿ ಛಪ್ಪರದ ಕಡೆ ಹೋದ ಸದ್ದಾಯಿತು.

ಇಳಿಹೊತ್ತಿಗೆ ಪಾಂಡಪ್ಪ ಹೊಸ ರುಮಾಲು ಸುತ್ತಿ, ಅದಕ್ಕೆ ಮಲ್ಲಿಗೆ ದಂಡೆ ಸಿಕ್ಕಿಸಿ, ಎದೆಬಡಿತಕ್ಕೆ ಎಲೆಯಡಿಕೆ ಮೆಲ್ಲುತ್ತ ಬೀಗರ ದಾರಿ ಕಾಯುತ್ತಿದ್ದ. ಹೆಂಡತಿ ಲಗಮವ್ವ ಹಿತ್ತಿಲಿನಿಂದ ಓಡಿಬಂದಳು.

“ನಿಮ್ಮ ತಲಿ ಎಲ್ಲೈತ್ರಿ? ಬೀಗರ ಚಕ್ಕಡಿ ಎಲ್ಲಾ ಹುಸೇನಸಾಬನ ಛಪ್ಪರದ ಮುಂದ ಕೊಳ್ಳಹರದು ನಿಂತಾವ! ಮಧ್ಯಾಹ್ನ ಬಾಗಲಾ ಬಡದ್ರೆಲ್ಲಾ, ಆಕಿ ಯಾರು ಗೊತ್ತೈತೇನು?”

“ಯಾರು?”

“ಗುರುಲಿಂಗವ್ವ! ವರನ ಸೋದರತ್ತಿ! ನಿಶ್ಚಯಕ್ಕ ಬಂದಿರಲಿಲ್ಲ ಆಕಿ. ತಾಳಿ ತಂದಾಕಿ ಆಕಿನs!”

ಪಾಂಡಪ್ಪ ರಸ್ತೆಯತ್ತ ಹೊರಟ. ಅಷ್ಟರಲ್ಲಿ ಲಗಮವ್ವ ಇನ್ನೊಂದು ಹೇರಿದಳು.

“ತಾಳಿಗೆ ಕರಿಮಣಿ ಪೋಣಸಾಕ ಯಾರು ಬೇಕು? ದೇವರನ್ನ ಲಗ್ನ ಆದಾಕಿ, ಎಂದೂ ಗಂಡ ಸತ್ತು ರಂಡಿ ಆಗದಾಕಿ ಬೇಕು. ತನ್ನ ಕೊಳ್ಳಾಗಿನ ಎರಡು ಮಣಿ ಬಿಚ್ಚಿ ಹಾಕಿದ್ರನ ತಾಳಿಗೆ ಗಟ್ಟಿ. ಅದಕ್ಕಂತ ಬೀಗರು ಬಾದಾಮಿಗೆ ಹೇಳಿಕಳಿಸಿ ಕರಸಿದ್ದು ಸಕ್ರವ್ವನ್ನ! ಆಕಿನ್ನ ಹೊರಗ ಹಾಕಿದ ಮನ್ಯಾಗ ನಾವು ಇಳಿಯಾಂಗಿಲ್ಲ ಅಂತ ಕುಂತಾರ! ಇಂದ್ರವ್ವನ್ನೂ ಅಲ್ಲಿಗೇ ಕರಸಿಕೊಂಡಾರ!”

ಪಾಂಡಪ್ಪ ಕಟ್ಟೆಗೆ ಓಡಿದ. ಚಾಪೆ ಸುತ್ತಿಕೊಂಡು ಪಂತರು ಆಗಲೇ ಓಣಿಯ ತಿರುವಿನಲ್ಲಿದ್ದರು. “ಸಂಧ್ಯಾವಂದನಿಗೆ ಹೊತ್ತಾತು, ಹ್ಞಾಂ!” ಎಂಬ ಧ್ವನಿ ಮಾತ್ರ ಉಳಿಯಿತು.

ಬೋರ್ಡನ್ನು ಕಿತ್ತು ರಸ್ತೆಗೆ ಎಸೆದ. ಮೂರೂ ಕೋಣೆ ಗುಡಿಸಿದ. ಮೂವತ್ತು ಮಂದಿಗೆ ಮಾಡಿದ ಹೋಳಿಗೆಯ ಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತು ರಸ್ತೆ ದಾಟಿದ. ಛಪ್ಪರಕ್ಕೆ ಗೋಣಿತಟ್ಟಿನ ಪರದೆ ಇಳಿಬಿಟ್ಟಿತ್ತು. ಒಳಗೆ ಬಳೆಗಳ ಸದ್ದು, ಮಗಳ ಧ್ವನಿ. ಪರದೆಯ ಮೇಲೆ ಒಂದು ತಗಡು ತೂಗುತ್ತಿತ್ತು.

ಅವನು ಕೈ ಚಾಚಿದ್ದೇ ತಡ, ಒಳಗಿನಿಂದ ಮೂಗಿನ ಧ್ವನಿ ಗುಡುಗಿತು.

“ಯಾರದು, ಹ್ಞಾಂ? ಬೋರ್ಡು ಕಾಣೂದಿಲ್ಲೇನು?”

ಪಾಂಡಪ್ಪ ಕೈ ಹಿಂದೆಳೆದುಕೊಂಡ. “ಪಂತರ, ನೀವು ಇಲ್ಲ್ಯಾಕ್ರಿ? ನನಗ ಓದಾಕ ಬರಾಂಗಿಲ್ಲ ಅಂತ ನಿಮಗ ಗೊತ್ತಲ್ರಿ. ಏನು ಬರದೈತ್ರಿ?”

“ಖಾನಾವಳಿಯವರಿಗೂ ಅವರಂಥವರಿಗೂ ಇಲ್ಲಿ ಅಪ್ಪಣಿ ಇಲ್ಲ ಅಂತ ಬರದದ. ನಿನ್ನ ಧಂಧೆ ಏನು?”

“ಖಾ... ಖಾನಾವಳಿರಿ. ನಾ ಹುಡಿಗಿ ಅಪ್ಪರಿ!”

“ತುಟಿ ಯಾಕ ಕೆಂಪ ಅದ?”

“ಎಲಿ ಹಾಕಿದ್ನಿರಿ.”

“ತಲ್ಯಾಗ?”

ಪಾಂಡಪ್ಪ ರುಮಾಲು ಮುಟ್ಟಿ ನೋಡಿಕೊಂಡ. “...ಹೂವುರಿ.”

“ಎರಡು ಗುರುತು ಸಿಕ್ಕವು, ಹ್ಞಾಂ! ಇನ್ನೊಂದು ಬಾಕಿ ಅದ!”

ಪರದೆ ಸರಿಯಿತು. ಪಂತರಿರಲಿಲ್ಲ. ಮೂಗು ಹಿಡಿದುಕೊಂಡು ಕೂತಿದ್ದವಳು ಸಕ್ರವ್ವ. ತೊಡೆಯ ಮೇಲೆ ತಾಳಿ, ಬೆರಳ ತುದಿಯಲ್ಲಿ ಕರಿಮಣಿ. ಎದುರಿಗೆ ಅರಿಷಿಣದ ಇಂದ್ರವ್ವ, ಪಕ್ಕದಲ್ಲಿ ಗುರುಲಿಂಗವ್ವ ಸೆರಗು ಕಚ್ಚಿಕೊಂಡು ನಗೆ ತಡೆಯುತ್ತಿದ್ದಳು.

“ತಪ್ಪಾತು ಯವ್ವಾ,” ಎಂದ ಪಾಂಡಪ್ಪ. “ಬೋರ್ಡು ಕಿತ್ತೀನಿ. ಮೂಲಿ ಕೋಣಿ ಗುಡಸೀನಿ.”

ಸಕ್ರವ್ವ ತನ್ನ ಧ್ವನಿಗೆ ಮರಳಿದಳು. “ಮಣಿ ಪೋಣಸಾಕ ಕೈ ಬೇಕು, ಮಲಗಾಕ ಮೈ ಬ್ಯಾಡ. ಇದ್ಯಾವ ಲೆಕ್ಕಣ್ಣಾ? ಕೈ ಎಲ್ಲೈತೋ ಮೈನೂ ಅಲ್ಲೇ ಇರತೈತಿ. ಇವತ್ತ ಎರಡೂ ಕುದರಿ ಮನ್ಯಾಗ ಅದಾವ.” ತನ್ನ ಕೊರಳ ಸರದಿಂದ ಎರಡು ಮಣಿ ಬಿಚ್ಚಿ ದಾರಕ್ಕೆ ಏರಿಸಿ ಗಂಟು ಹಾಕಿದಳು.

“ಮದುವಿ ನಡೀತೈತೇನ್ರಿ ಹಂಗಾರ?” ಎಂದು ಪಾಂಡಪ್ಪ ಬೀಗತಿಯ ಮುಖ ನೋಡಿದ.

“ತಾಳಿ ಪೋಣಸಿ ಮುಗೀತಲ್ರಿ. ನಡೀದ ಏನು?” ಎಂದಳು ಗುರುಲಿಂಗವ್ವ. “ಆದ್ರ ನಮ್ಮ ಮೂವತ್ತು ಮಂದಿ ಗಂಡಸರ ಹಾಸಗಿ ಇಲ್ಲೇ.”

ಬುಟ್ಟಿ ಇನ್ನೂ ತಲೆಯ ಮೇಲೆಯೇ ಇತ್ತು. ಪಾಂಡಪ್ಪ ತಗಡನ್ನು ಬೆರಳಿನಿಂದ ಮುಟ್ಟಿದ. “ಸುಣ್ಣ ಯಾವಾಗ ಒಣಗಿತು? ಇಷ್ಟು ಲಗೂ ಹೊಸಾದು ಹ್ಯಾಂಗ ಬರದ್ಯವಾ?”

“ಹೊಸಾದಲ್ಲಣ್ಣ,” ಎಂದಳು ಸಕ್ರವ್ವ. “ನೀ ಒಗದದ್ದನ್ನ ಹುಸೇನಸಾಬಣ್ಣ ಆರಿಸಿ ತಂದ. ಬೋರ್ಡು ಅದs ಐತಿ. ಓದಾವರು ಬ್ಯಾರೆ ಆದ್ರು, ಅಷ್ಟ.”

ಪಾಂಡಪ್ಪ ತಗಡನ್ನು ಮತ್ತೊಮ್ಮೆ ನೋಡಿದ. ತನ್ನದೇ ಬೋರ್ಡಿಗೆ ಹೆದರಿ ಬುಟ್ಟಿ ಹೊತ್ತು ನಿಂತದ್ದು ಕಣ್ಣಿಗೆ ಕಟ್ಟಿತು. ಅವನು ನಕ್ಕ. ಬುಟ್ಟಿ ಕುಣಿಯಿತು, ಹೋಳಿಗೆಗಳು ಉದುರಿದವು, ಕುದುರೆ ಕೆನೆಯಿತು. ಗುರುಲಿಂಗವ್ವನ ನಗೆಯೂ ಅದರ ಕೆಳಗೆ ಮುಳುಗಿಹೋಯಿತು. ರಸ್ತೆಯ ಆಚೆ, ಅವನದೇ ಮಾಡಿಗೆ ಆಗತಾನೇ ಮರಳಿ ಕೂತಿದ್ದ ಪಾರಿವಾಳಗಳು ಮತ್ತೆ ಹಾರಿದವು.

ಸಕ್ರವ್ವ ಮೂಗು ಹಿಡಿದಳು. “ಮೂರನೇ ಗುರುತೂ ಸಿಕ್ತು, ಹ್ಞಾಂ!” ಎಂದು ಪರದೆ ಎಳೆದುಬಿಟ್ಟಳು.

ಪಾಂಡಪ್ಪ ಹೊರಗೇ ನಿಂತು, ಇನ್ನೂ ಜೋರಾಗಿ ನಕ್ಕ.