ಏಳು ವರ್ಷ ಉರಿದ ಬತ್ತಿ

ತನ್ನ ಮೇಣದಬತ್ತಿ ಅಂಗಡಿಯ ಬಾಗಿಲು ತೆರೆಯುವ ಮೊದಲು ಇಡೊನಿ ದಿನವೂ ಒಂದು ಬತ್ತಿ ಹಚ್ಚಿ, ಶಿಲುಬೆಯ ಗುರುತು ಮಾಡಿಕೊಂಡು, ಲಿನ್ ಬಂದರಿನ ಕಡೆಯ ಕಿಟಕಿಯಲ್ಲಿ ಇಡುತ್ತಾಳೆ. ಗಂಡ ಥರ್ಸ್ಟನ್ ಹಡಗು ಹತ್ತಿ ಮೂರು ವರ್ಷವಾಯಿತು. ಒಂದು ದಿನವೂ ತಪ್ಪಿಸಿಲ್ಲ. ಇವತ್ತು ಚರ್ಚಿನ ಬರಹಗಾರ ಹಾಮಂಡ್ ಬೆನ್ನ ಹಿಂದೆಯೇ ನಿಂತು ತನ್ನ ಪ್ರೇಮಕಾವ್ಯ ಓದುತ್ತಿದ್ದ. ನಾಳೆ ಮೇಣದಬತ್ತಿ ಹಬ್ಬ; ಬತ್ತಿ ಮಾಡುವವರ ಸಂಘದ ಊಟದಲ್ಲಿ ಅದನ್ನು ಓದಬೇಕು.

ಇಡೊನಿ: ನಿಲ್ಸಿ, ನಿಲ್ಸಿ. ನಿಮ್ಮ ಕಾವ್ಯದ ಅವಿಸ್ ದೊರೆಸಾನಿ ಗೋಪುರದ ಕಿಟಕೀಲಿ ಇಟ್ಟಿದ್ದು ಕೊಬ್ಬಿನ ಬತ್ತೀನೋ, ಜೇನುಮೇಣದ್ದೋ?

ಹಾಮಂಡ್: ಅದು ಪ್ರೇಮದ ಬತ್ತಿ, ಇಡೊನಿಯಮ್ಮ!

ಇಡೊನಿ: ಪ್ರೇಮ ಆಮೇಲೆ. ಯಾವುದು ಹೇಳಿ.

ಹಾಮಂಡ್: ಕೊಬ್ಬಿನದು ಅನ್ಕೊಳ್ಳಿ. ಸಮುದ್ರಕ್ಕೆ ಹೋದ ತನ್ನ ಸರದಾರನಿಗೋಸ್ಕರ ಏಳು ವರ್ಷ ರಾತ್ರಿಯೆಲ್ಲ ಉರಿಸಿದಳು. ಒಂದು ರಾತ್ರಿ ನಿದ್ದೆ ಹೋದಳು. ಬತ್ತಿ ಆರಿತು, ಅವನ ದೋಣಿ ಬಂಡೆಗೆ ಬಡೀತು. ನೀತಿ: ಹೆಣ್ಣಿನ ಸೋಮಾರಿತನ ಪ್ರೀತೀನ ಕೊಲ್ಲುತ್ತೆ!

ಇಡೊನಿ: ಆ ಗಾಳೀಲಿ ಕೊಬ್ಬಿನ ಬತ್ತಿ ಅರ್ಧ ರಾತ್ರೀನೂ ಬಾಳಲ್ಲ. ಅವಳು ಎದ್ದಿದ್ರೂ ಆರೋದೇ.

ಹಾಮಂಡ್: ಹಾಗಾದ್ರೆ ಜೇನುಮೇಣ!

ಇಡೊನಿ: ಏಳು ವರ್ಷವಾ? ಸಾಕಮ್ಮ ಅಂತ ಜೇನುಹುಳಗಳೇ ಬಂದು ಕಾಲಿಗೆ ಬೀಳ್ತವೆ.

ಹಾಮಂಡ್: ದೇವರೇ ಉರಿಸ್ತಿದ್ದ ಅಂತ ಬರೀಲಾ?

ಇಡೊನಿ: ಹಾಗಾದ್ರೆ ಆರಿಸಿದ್ದೂ ಅವನೇ. ಆ ಹುಡುಗೀನ ಯಾಕೆ ಬೈತೀರಿ?

ಹಾಮಂಡ್ ಮೇಣದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ.

ಹಾಮಂಡ್: ನಾಳೆ ನಲವತ್ತು ಜನ ಬತ್ತಿ ಮಾಡೋರು ನನ್ನ ನೋಡಿ ನಗ್ತಾರೆ.

ಇಡೊನಿ: ನಿಮ್ಮನ್ನ ನೋಡಿ ನಗ್ತಾರೆ. ನಿಮ್ಮ ನೀತಿ ಕೇಳಿದ ಮೇಲೆ ನನ್ನ ನೋಡಿ ಏನಂತಾರೆ? ನಾನು ಬೆಳಿಗ್ಗೆ ಒಂದು ಹಚ್ಚಿ, ರಾತ್ರಿ ಚೆನ್ನಾಗಿ ನಿದ್ದೆ ಮಾಡೋಳು.

ಹಾಮಂಡ್: ಹಗಲಲ್ಲಿ ಹಚ್ಚಿದ್ದು ಯಾರಿಗಮ್ಮ ಕಾಣುತ್ತೆ?

ಇಡೊನಿ: ಮೇಲಿರೋನಿಗೆ ಕಾಣುತ್ತೆ. ನಿಮ್ಮ ಸರದಾರನಿಗೆ ಬೆಳಕು ಕಾಣದಿದ್ರೆ ಬೆಳಗಾಗೋ ತನಕ ಸಮುದ್ರದಲ್ಲೇ ಕಾಯಬೇಕಿತ್ತು. ಥರ್ಸ್ಟನ್ ಹಾಗೇ ಮಾಡೋನು. ಕಾಯೋದು ದಡದಲ್ಲಿರೋರ ಕೆಲಸ ಮಾತ್ರ ಅಲ್ಲ ಅಂತ ಬರೀರಿ.

ಹಾಮಂಡ್ ಚಾಕು ತೆಗೆದು ತೊಗಲಿನ ಹಾಳೆಯ ಮೇಲಿನ ಹಳೆಯ ನೀತಿಯನ್ನು ಕೆರೆಯತೊಡಗಿದ. ಹೊಸ ಸಾಲುಗಳಲ್ಲಿ ಸರದಾರ ಸೂರ್ಯ ಹುಟ್ಟಿದ ಮೇಲೆ ದಡ ಸೇರಿದ. ಅವಿಸ್ ಆಕಳಿಸುತ್ತಾ ಬಾಗಿಲು ತೆರೆದಳು.

ಹಾಮಂಡ್: ನನ್ನ ಮಾನ ಉಳಿಸಿದ್ರಿ. ಪ್ರತಿಯಾಗಿ ಥರ್ಸ್ಟನ್‌ನನ್ನೂ ಕೊನೇಲಿ ಸೇರಿಸಿ, ಕ್ಷೇಮವಾಗಿ ಮನೆ ಮುಟ್ಟಿಸಿಬಿಡ್ಲಾ?

ಇಡೊನಿ: ಬೇಡಪ್ಪ. ನಿಮ್ಮ ಕಾವ್ಯ ಹತ್ತಿದೋರು ಏಳು ವರ್ಷ ಆಗದೆ ಇಳಿಯೋದಿಲ್ಲ. ಅವನು ಹಡಗಲ್ಲೇ ಬರಲಿ.