ಬಂಡಿ ಸಾಲಿನ ಕೊನೆಯವಳು

ಮನೆಗೆ ಯಾರಾದರೂ ಬರುತ್ತಾರೆಂದರೆ ಉಳಿದವರಿಗೆ ಅಡುಗೆಯ ಚಿಂತೆ, ನನಗೆ ಗೋಡೆಯ ಚಿಂತೆ. ಊಟ ಕೆಟ್ಟರೆ ದಾರಿಯಲ್ಲಿ ಮರೆಯುತ್ತಾರೆ. ಗೋಡೆ ಹೊಲಸಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ನಾನು ಶಾಲೆ ಕಲಿತದ್ದು ಅಷ್ಟಕ್ಕಷ್ಟೇ, ಆದರೆ ಸುಣ್ಣ ಬಳಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದೂ ಬರದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ನಮ್ಮದು ಯೆಣೆಗೂರ. ಮೊಮ್ಮಗಳು ಗೌರಾ ನಿಲಂಗಾದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಅವಳೂ ಅವಳ ಮಂಡಳಿಯವರೂ ಈ ಸೀಮೆಯ ಹಳೆಯ ಸಂಗತಿಗಳನ್ನು ಚಿತ್ರಗಳಲ್ಲಿ ತೋರಿಸಲು ಹೊರಟಿದ್ದರು. ಅಲ್ಲಿನ ಕೋರ್ಟಿನ ಪಡಸಾಲೆಯಲ್ಲಿ ಕೆಲವು, ದವಾಖಾನೆಯಲ್ಲಿ ಕೆಲವು, ಬಸ್ ಸ್ಟ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡದು.

"ಕೋರ್ಟಿಗೆ ಬಂದವರಿಗೆ ಚಿತ್ರ ನೋಡೋ ಜೀವ ಎಲ್ಲಿರ್ತದವಾ?" ಎಂದೆ.

"ತಾರೀಖ ಮುಂದ ಹೋದವರು ಮತ್ತೇನ್ ಮಾಡ್ತಾರ ಅಜ್ಜಿ? ನೋಡ್ತಾರ ಬಿಡು."

ಬಸ್ ಸ್ಟ್ಯಾಂಡಿನ ಚಿತ್ರ ನಮ್ಮ ಮನೆಯ ಗೋಡೆಯದೇ ಆಗಬೇಕೆಂದು ಅವಳ ಹಠ. ನಿಜಾಮನ ಕಾಲದ ಗಲಾಟೆಯಲ್ಲಿ ಊರವರು ಬಂಡಿ ಕಟ್ಟಿ ಓಡಿಹೋದದ್ದನ್ನು ನಮ್ಮ ಅತ್ತೆ ಚಿಕ್ಕವಳಿದ್ದಾಗ ಕಂಡಿದ್ದಳು. ವರ್ಷವೂ ಎಳ್ಳಮಾವಾಸ್ಯೆಗೆ ಗೋಡೆಗೆ ಸುಣ್ಣ ಬಳಿದು, ಆ ಬಂಡಿಗಳ ಸಾಲನ್ನೇ ಕೆಮ್ಮಣ್ಣಿನಲ್ಲಿ ಮತ್ತೆ ಬರೆಯುತ್ತಿದ್ದಳು. ನಾನು ಸೊಸೆಯಾಗಿ ಬಂದ ಮೇಲೆ ಸಾಲಿನ ಕೊನೆಗೆ ಬಾಯಿ ತೆರೆದ ಒಬ್ಬ ಗಿಡ್ಡ ಹೆಂಗಸನ್ನು ಸೇರಿಸಿದಳು. ಅದು ನಾನು.

"ಅತ್ತೀ, ಆವಾಗ ನಾ ಹುಟ್ಟಿದ್ದೇ ಇಲ್ಲಲ್ಲ!"

"ಹುಟ್ಟಿದ್ರ ಹಿಂಗೇ ಹಿಂದ ಉಳಿತಿದ್ದಿ. ಒದರಿಕೋತ."

ಅವಳು ಹೋದ ಮೇಲೆ ಯಾರೂ ಬರೆಯಲಿಲ್ಲ. ಕೊನೆಯ ಸಲದ ಬಂಡಿಗಳು ಹೊಗೆ ಹಿಡಿದು ಹಾಗೇ ನಿಂತವು. "ಐತವಾರ ಮಂಡಳಿಯವರು ಗ್ವಾಡಿ ಫೋಟೊ ತಗಿಲಿಕ್ಕ ಬರ್ತಾರ" ಎಂದು ಗೌರಾ ಫೋನಿನಲ್ಲಿ ಹೇಳಿದಳು. ಫೋಟೊ ಎಂದರೆ ಮಕ್ಕಳಿಗೂ ತಲೆ ಬಾಚುತ್ತೇವಲ್ಲ? ಶನಿವಾರ ಸುಣ್ಣ ಬಳಿದೆ.

ಐತವಾರ ಬಂದ ಗೌರಾ ಚಪ್ಪಲಿಯನ್ನೂ ಬಿಡದೆ ನಿಂತಳು. "ಅಜ್ಜಿ, ಬಂಡಿ ಎಲ್ಲಿ?"

"ಗ್ವಾಡಿ ಒಣಗ್ಯಾದ. ಹೊಸದು ಬರಿ. ನೀ ಚಿತ್ರ ಕಲಿಸಾಕಿ ಅಲ್ಲೇನು?"

"ನಾ ಬರದ್ರ ಅದು ನಂದಾಗ್ತದ. ಮುತ್ತಜ್ಜಿದು ಹ್ಯಾಂಗಾಗ್ತದ?"

ಪಕ್ಕದ ಮನೆಯ ಕಾಶಮ್ಮ ಬಾಗಿಲಲ್ಲೇ ನಿಂತು, "ಅತ್ತಿ ಮ್ಯಾಲಿನ ಸಿಟ್ಟು ಈಗ ತೀರ್ತೇನಬೇ?" ಎಂದಳು. ಸಿಟ್ಟಿರಲಿಲ್ಲವೆಂದು ಹೇಳಿದರೆ ನಂಬುವವರು ಯಾರು? ಎಲ್ಲರ ಫೋನುಗಳನ್ನೂ ಹುಡುಕಿದೆವು. ಸೀಮಂತ, ತೊಟ್ಟಿಲು, ಎಲ್ಲ ಫೋಟೊಗಳಲ್ಲೂ ಆ ಗೋಡೆಗೆ ಅಡ್ಡವಾಗಿ ನಾವೇ ಹಲ್ಲು ಕಿಸಿದು ನಿಂತಿದ್ದೆವು.

ಕೊನೆಗೆ ಗೌರಾ ದೊಡ್ಡದೊಂದು ಬಿಳಿ ಹಲಗೆ ತಂದು, ಕೆಮ್ಮಣ್ಣು ಕಲಸಿಕೊಟ್ಟು, "ಜೀವಮಾನ ನೋಡೀದಿ. ನೀನೇ ಬರಿ" ಎಂದಳು. ಕುಳಿತೆ. ಎತ್ತುಗಳ ಮುಖ ಯಾವ ಕಡೆಗಿತ್ತು? ಅತ್ತೆ ತನ್ನನ್ನು ಯಾವ ಬಂಡಿಯಲ್ಲಿ ಕೂರಿಸಿದ್ದಳು? ಒಂದೂ ನೆನಪಾಗಲಿಲ್ಲ. ಮೂಲೆಯಲ್ಲಿ ಮಾತ್ರ ಕೈ ತಾನೇ ಓಡಿತು. ಗಿಡ್ಡ ಹೆಂಗಸು, ತೆರೆದ ಬಾಯಿ, ಅತ್ತೆ ಬರೆದಂತೆಯೇ. ಅಷ್ಟು ವರ್ಷ ನಾನು ನೋಡಿದ್ದು ಅದೊಂದನ್ನೇ.

ಗೌರಾ ಅದನ್ನೇ ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿದ್ದಾಳೆ, ಉಳಿದ ಜಾಗ ಬಿಳಿಯಾಗಿಯೇ ಇದೆ. ನೋಡಲು ಹೋಗಿದ್ದೆ. ಉದಗೀರದ ಬಸ್ಸಿಗೆ ಕಾಯುತ್ತಿದ್ದ ಒಬ್ಬಾಕೆ ನನ್ನನ್ನೇ ಕೇಳಿದಳು, "ಈಕಿ ಯಾರ್ರೀ ಆಯಿ, ಒಬ್ಬಾಕೇ ಉಳದಾಳ?"

"ಆಕಿ ಅಲ್ಲಿ ಇದ್ದೇ ಇಲ್ರೀ" ಎಂದೆ.

"ಮತ್ಯಾಕ ಅಷ್ಟು ಬಾಯಿ ತೆರದಾಳ?"

ನಾನು ಬಾಯಿ ಮುಚ್ಚಿಕೊಂಡೆ.