ಅತ್ತೆಗಾಗಿ ಹಾಡಿದ ಗಡಿಗೆಗಳು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿತ್ತು ಎಂದು ಹೊಸಪೇಟೆಯಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ತಲೆ ಸರಿಯಾಗೇ ಇತ್ತು ಸ್ವಾಮಿ, ಅದರೊಳಗೆ ವೈರು ಸ್ವಲ್ಪ ಜಾಸ್ತಿ ಇತ್ತು, ಅಷ್ಟೆ!

ಆ ವರ್ಷ ಕಾಲುವೆ ನೀರಿಗೆ ಕಬ್ಬು ಭರ್ಜರಿಯಾಗಿ ಬಂದಿತ್ತು. ಬೇರೆಯವರಾದರೆ ಏನು ಮಾಡುತ್ತಾರೆ? ಹೆಂಡತಿಗೆ ಬಳೆ ಮಾಡಿಸುತ್ತಾರೆ. ಮಾವ ಮಾತ್ರ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್ ಮತ್ತು ಎಮ್ಮೆ ಕಟ್ಟುವಷ್ಟು ದಪ್ಪದ ವೈರಿನ ಸುರುಳಿ ಹೇರಿಕೊಂಡು ಬಂದ.

"ಮನಿ ತುಂಬ ಸ್ಪೀಕರ್ ಕೂಡಸ್ತೀನಿ. ಎಲ್ಲಿ ನಿಂತ್ರೂ ಹಾಡು ಕೇಳಬೇಕು!"

ಇದೆಲ್ಲ ನಮ್ಮತ್ತೆಗಾಗಿ. ಅವಳಿಗೆ ಹಾಡೆಂದರೆ ಪ್ರಾಣ. ಆದರೆ ರೇಡಿಯೋ ಇದ್ದದ್ದು ಪಡಸಾಲೆಯಲ್ಲಿ, ಅಲ್ಲಿ ಸೊಸೆ ಬಂದು ಕೂರಬಾರದೆಂಬುದು ನಮ್ಮಜ್ಜಿಯ ಕಾಯಿದೆ. ಪಾಪ, ಅತ್ತೆ ಬಾಗಿಲ ಮರೆಯಲ್ಲಿ ನಿಂತು ಪಲ್ಲವಿ ಕೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕುತ್ತಿತ್ತು. ಹೀಗಾಗಿ ಅವಳಿಗೆ ನೂರಾರು ಹಾಡು ಬರುತ್ತಿದ್ದವು, ಒಂದೂ ಪೂರ್ತಿ ಬರುತ್ತಿರಲಿಲ್ಲ! "ಒಂದು ಹಾಡರ ಕೊನೀತನ ಕೇಳಬೇಕ್ರೀ" ಎಂದು ಮಾವನ ಹತ್ತಿರ ಅಂದಿದ್ದಳಂತೆ. ತಾಯಿಗೆ ಎದುರು ಮಾತಾಡುವ ಧೈರ್ಯ ಮಾವನಿಗೆಲ್ಲಿಂದ ಬರಬೇಕು? ಗೋಡೆ ಕೊರೆಯುವುದೇ ಸುಲಭ ಅನ್ನಿಸಿತು.

ಶುರುವಾಯಿತು ಸರ್ವೆ. ಮಾವ ಸೀಮೆಸುಣ್ಣ ಹಿಡಿದು ಅತ್ತೆಯ ಬೆನ್ನು ಹತ್ತಿದ. ಅವಳು ಒಲೆ ಮುಂದೆ ನಿಂತರೆ ಗೋಡೆಗೊಂದು ಗುರುತು, ರುಬ್ಬುವ ಒಳಕಲ್ಲಿನ ಮುಂದೆ ಕೂತರೆ ಅಲ್ಲೊಂದು ಗುರುತು.

"ಸ್ವಲ್ಪ ಹಂಗ ನಿಂದ್ರು, ಅಳತಿ ತಗೋತೀನಿ."

"ಸಾರು ಸೀದು ಹೊಂಟೈತ್ರೀ, ನಿಮ್ಮ ಅಳತಿಗಿಷ್ಟು ಬೆಂಕಿ ಹಾಕ!"

ಗುರುತು ಎಮ್ಮೆಯ ಕೊಟ್ಟಿಗೆಗೂ ಹೋದಾಗ ಅಜ್ಜಿ ಕೇಳಿದಳು, "ಲೇ, ಎಮ್ಮಿಗೂ ಸಂಗೀತ ಕಲಸ್ತೀಯೇನು?"

"ಹಾಲು ಹಿಂಡಾಕಿ ಯಾರವ್ವಾ? ಆಕೀನ ಅಲ್ಲೇನು?"

ಅಜ್ಜಿ ಎದ್ದು ಎಮ್ಮೆಯನ್ನು ಗೋಡೆಯಿಂದ ಆಚೆ ಸರಿಸಿ ಕಟ್ಟಿದಳು. ಅವಳು ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರದ ಪೆಟ್ಟಿಗೆಗಿಂತ ಮಣ್ಣಿನ ಗಡಿಗೆಯಲ್ಲಿ ಸ್ಪೀಕರ್ ಇಟ್ಟರೆ ನಾದ ಚೆನ್ನ ಎಂದು ಮೈಕ್ ಸೆಟ್ಟಿನವನೊಬ್ಬ ಕಿವಿಯೂದಿದ್ದ. ಸರಿ, ಕಂಪ್ಲಿಯಿಂದ ಗಾಡಿ ತುಂಬ ಗಡಿಗೆ ಬಂದವು! ಮಾವ ತಳಕ್ಕೆ ತೂತು ಕೊರೆದು, ವೈರು ತೂರಿಸಿ, ಗೋಡೆಗೆ ಎತ್ತರದಲ್ಲಿ ಹೊಡೆದ ತೂತಿನ ಹಲಗೆಗಳ ಮೇಲೆ ಸಾಲಾಗಿ ಇಟ್ಟು, ಸ್ಪೀಕರ್ ತರಲು ಪೇಟೆಗೆ ಹೋದ. ಹೊಸ ಗಡಿಗೆ ಖಾಲಿ ಇಡಬಾರದೆಂದು ಅಜ್ಜಿ ಅಷ್ಟರಲ್ಲಿ ಎಲ್ಲಕ್ಕೂ ಜೋಳ ತುಂಬಿಬಿಟ್ಟಳು! ಮಾವ ಬಂದು ವೈರು ಎಳೆದನೋ ಇಲ್ಲವೋ, ತೂತಿನಿಂದ ಜೋಳ ಸುರ್ರನೆ ಅವನ ತಲೆ ಮೇಲೆ! ಓಣಿಯ ಕೋಳಿಗಳೆಲ್ಲ ನಮ್ಮನೆಗೇ ಊಟಕ್ಕೆ ಬಂದವು.

ಅಂತೂ ಒಂದು ದಿನ ಎಲ್ಲ ಕೂಡಿಸಿ ಮುಗಿಯಿತು. ಅತ್ತೆಯನ್ನು ಒಲೆ ಮುಂದೆ ನಿಲ್ಲಿಸಿ ಬಂದು ಮಾವ ರೆಕಾರ್ಡಿನ ಮೇಲೆ ಮುಳ್ಳು ಇಟ್ಟ. ಒಂದು ಗಳಿಗೆ ಬರೀ ಗೊರಗೊರ. ಆಮೇಲೆ ನೋಡಿ, ಅಡಿಗೆಮನೆ, ಬಚ್ಚಲು, ಕೊಟ್ಟಿಗೆ, ಎಲ್ಲ ಗಡಿಗೆಗಳೂ ಒಟ್ಟಿಗೇ ಹಾಡಿದವು!

ಪಲ್ಲವಿ ಮುಗಿಯುವ ಮೊದಲೇ ಅತ್ತೆ ಕೈ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದಳು. ಮಾವನ ಮುಖ ಇಷ್ಟೇ ಇಷ್ಟಾಯಿತು.

"ಯಾಕ, ಒಳಗ ಕೇಳಸವಲ್ದೇನು?"

"ಮಸ್ತ್ ಕೇಳಸ್ತೈತ್ರೀ."

"ಮತ್ತ್ಯಾಕ ಬಂದಿ?"

"ಇಷ್ಟೆಲ್ಲಾ ನನಗಂತ ಮಾಡೀರಿ. ನಿಮ್ಮನ್ನ ಇಲ್ಲಿ ಬಿಟ್ಟು ನಾ ಒಬ್ಬಾಕಿನ ಹೆಂಗ ಕೇಳಲಿರೀ?"

ಇಬ್ಬರೂ ಹೆದರಿ ಅಜ್ಜಿಯ ಕಡೆ ನೋಡಿದರು. ಅಜ್ಜಿ ಚಾಪೆಯ ಮೇಲೆ ಚಾಚಿದ್ದ ಕಾಲು ಮಡಚಿ ಜಾಗ ಮಾಡಿದಳು.

"ಕುಂದರವ್ವಾ, ಜಲ್ದಿ. ಹಾಡು ಮುಗದೀತು."

ಅತ್ತೆ ಕೂತಳು. ಅದು ಯಾವ ಹಾಡು ಎಂದು ನನ್ನನ್ನು ಕೇಳಬೇಡಿ. ನನಗೆ ಅಳು ಬಂದುಬಿಟ್ಟಿತ್ತು, ಕೇಳಿಸಲೇ ಇಲ್ಲ.